ಎಳೆಬಿಸಿಲು, ಎಳೆಮರಿ: ಸಿಂಹದ ಮರಿಗಳ ಛಾಯಾಗ್ರಹಣಕ್ಕೆ ಒಂದು ಪಾಠ

ಕನ್ನಡಿಗರಿಗೆ ಸಿಂಹ ಅಪರಿಚಿತವೇನಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲಲ್ಲಿ ಸಳ ಎದುರಿಸಿ ನಿಂತ ಮೃಗವನ್ನು ಶಾಲೆಯ ಪ್ರವಾಸದಲ್ಲಿ ಬೆರಗಿನಿಂದ ನೋಡಿದವರು ನಾವು. ಬಾವಿಯಲ್ಲಿ ತನ್ನ ನೆರಳನ್ನೇ ಕಂಡು ಹಾರಿದ ಸಿಂಹದ ಕಥೆಯನ್ನು ನಮ್ಮ ಮಕ್ಕಳಿಗೂ ಹೇಳಿದವರು. ಆದರೆ ನಮ್ಮ ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿ, ಚಿರತೆ, ಆನೆಗಳುಂಟು, ಸಿಂಹವಿಲ್ಲ. ಕಾಡಿನ ಸಿಂಹವನ್ನು, ಅದರಲ್ಲೂ ತಾಯಿಯ ಜೊತೆ ಆಡುವ ಮರಿಗಳನ್ನು ನೋಡಬೇಕೆಂದರೆ ಆಫ್ರಿಕಕ್ಕೋ ಗುಜರಾತಿನ ಗಿರ್ ಕಾಡಿಗೋ ಹೋಗಬೇಕು.

ಹಾಗೆ ಹೋಗಿಬಂದವರು ಈಗ ನಮ್ಮಲ್ಲಿ ಕಡಿಮೆಯೇನಿಲ್ಲ. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವಿರಲಿ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟವಿರಲಿ, ಹಬ್ಬದ ಊಟದ ಸಾಲಿನಲ್ಲಿ ನಿಂತಾಗ ಯಾರಾದರೊಬ್ಬರು ಫೋನು ತೆರೆದು ಸಫಾರಿಯ ಚಿತ್ರ ತೋರಿಸುತ್ತಾರೆ. ಒಣಹುಲ್ಲಿನ ನಡುವೆ ಒಂದು ಹಳದಿ ಚುಕ್ಕೆ. "ಅದೇ ಮರಿ, ಸರಿಯಾಗಿ ನೋಡಿ" ಎನ್ನುತ್ತಾರೆ. ನಾವೂ ಸೌಜನ್ಯಕ್ಕೆ "ಓಹೋ, ಚೆನ್ನಾಗಿದೆ" ಎನ್ನುತ್ತೇವೆ. ಸಾವಿರಾರು ಡಾಲರ್ ಖರ್ಚು ಮಾಡಿ, ಅಷ್ಟು ದೂರ ಹೋಗಿ, ಚಿತ್ರ ಮಾತ್ರ ಯಾಕೆ ಹೀಗೆ?

ಕ್ಯಾಮೆರಾದ ದೋಷ ಅಲ್ಲಿ ಕಡಿಮೆ. ಒಳ್ಳೆಯ ಬೆಳಕು ಇರುವುದು ಸ್ವಲ್ಪವೇ ಹೊತ್ತು. ಆ ಹೊತ್ತಿನಲ್ಲಿ ನಮಗೆ ಗಡಿಬಿಡಿ. ಗಡಿಬಿಡಿಯಲ್ಲಿ ಚಿತ್ರ ಕೆಡುವುದಷ್ಟೇ ಅಲ್ಲ, "ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪಾ" ಎಂದು ಚಾಲಕನನ್ನು ಒತ್ತಾಯಿಸುತ್ತೇವೆ. ಆ ಒತ್ತಾಯದ ಬೆಲೆ ತೆರುವುದು ಮರಿ. ಆದ್ದರಿಂದ ಈ ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ: ಕೈ ಪಳಗಿಸುವ ಕೆಲಸವನ್ನೆಲ್ಲ ಇಲ್ಲೇ, ನಮ್ಮೂರಲ್ಲೇ ಮುಗಿಸಿಕೊಂಡು ಹೋಗಬೇಕು, ಅಲ್ಲಿ ದೂರದಲ್ಲಿ ಕುಳಿತು ಕಾಯುವುದೊಂದೇ ಕೆಲಸವಾಗಿ ಉಳಿಯಬೇಕು.

ಬೆಳಕಿನ ಲೆಕ್ಕ

ಸೂರ್ಯ ಹುಟ್ಟಿ ದಿಗಂತದಿಂದ ಸುಮಾರು 6 ಡಿಗ್ರಿ ಏರುವ ತನಕದ ಬೆಳಕನ್ನು ಛಾಯಾಗ್ರಾಹಕರು ಬಂಗಾರದ ಬೆಳಕು ಎನ್ನುತ್ತಾರೆ. ನಮ್ಮವರು ಎಳೆಬಿಸಿಲು ಎನ್ನುವುದು ಇದನ್ನೇ. ಕೈಯನ್ನು ಪೂರ್ತಿ ಚಾಚಿ ನಡುವಿನ ಮೂರು ಬೆರಳು ಅಡ್ಡ ಹಿಡಿದರೆ ಅದರ ಅಗಲ ಸುಮಾರು 5 ಡಿಗ್ರಿ. ಅಷ್ಟು ಎತ್ತರಕ್ಕೆ ಸೂರ್ಯ ಬರುವವರೆಗೆ ಬೆಳಕು ಓರೆಯಾಗಿ ಬೀಳುತ್ತದೆ, ಬಣ್ಣ ಬೆಚ್ಚಗಿರುತ್ತದೆ, ಮರಿಯ ಮೈಮೇಲಿನ ಒಂದೊಂದು ಕೂದಲೂ ಹೊಳೆಯುತ್ತದೆ, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ.

ಈ ಹೊತ್ತು ಎಲ್ಲ ಊರಿನಲ್ಲೂ ಒಂದೇ ಅಲ್ಲ. ಶಿಕಾಗೋ, ಡೆಟ್ರಾಯಿಟ್ ಎರಡೂ ಸುಮಾರು 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ. ಡಿಸೆಂಬರಿನಲ್ಲಿ 6 ಡಿಗ್ರಿ ಏರಲು ಅವನಿಗೆ ಸುಮಾರು 40 ನಿಮಿಷ ಬೇಕು. ಕೀನ್ಯಾದ ಮಸಾಯಿ ಮಾರ ಭೂಮಧ್ಯರೇಖೆಗೆ ಒಂದೂವರೆ ಡಿಗ್ರಿ ದಕ್ಷಿಣಕ್ಕಿದೆ. ಅಲ್ಲಿ ಸೂರ್ಯ ನೆಟ್ಟಗೆ ಮೇಲೇರುತ್ತಾನೆ. ಅದೇ 6 ಡಿಗ್ರಿಗೆ 25 ನಿಮಿಷ ಸಾಕು. ಗಿರ್‌ನಲ್ಲಿ ಚಳಿಗಾಲದಲ್ಲಿ ಅರ್ಧ ಗಂಟೆಗೆ ಸ್ವಲ್ಪ ಕಡಿಮೆ. ಮಿಷಿಗನ್ ಸರೋವರದ ದಂಡೆಯ ನಿಧಾನದ ಸೂರ್ಯೋದಯಕ್ಕೆ ಒಗ್ಗಿದವರು ಮಾರದಲ್ಲಿ ಮೋಸಹೋಗುವುದು ಇಲ್ಲೇ. ಲೆನ್ಸ್ ಬದಲಿಸಿ, ಬ್ಯಾಟರಿ ಹುಡುಕಿ, ಕಾಫಿ ಫ್ಲಾಸ್ಕು ಮುಚ್ಚಿಟ್ಟು ತಲೆ ಎತ್ತುವಷ್ಟರಲ್ಲಿ ಎಳೆಬಿಸಿಲು ಬಿಸಿಲಾಗಿರುತ್ತದೆ.

ಅದೃಷ್ಟಕ್ಕೆ, ಮರಿಗಳು ಆಡುವುದೂ ಇದೇ ಹೊತ್ತಿನಲ್ಲಿ. ದೊಡ್ಡ ಸಿಂಹಗಳು ದಿನದ ಸುಮಾರು 20 ಗಂಟೆ ವಿಶ್ರಾಂತಿಯಲ್ಲೇ ಕಳೆಯುತ್ತವೆ. ರಾತ್ರಿಯ ಬೇಟೆ ಮುಗಿಸಿ ತಾಯಂದಿರು ಮರಳುವ ಮುಂಜಾವಿನಲ್ಲಿ ತಂಪು ಇರುತ್ತದೆ. ಮರಿಗಳು ಹಾಲು ಕುಡಿದು, ತಾಯಿಯ ಬಾಲ ಹಿಡಿದು, ಒಂದರ ಮೇಲೊಂದು ಉರುಳುತ್ತವೆ. ಬಿಸಿಲು ಬಲಿತ ಮೇಲೆ ಎಲ್ಲವೂ ನೆರಳಿಗೆ ಸರಿದು ಮಲಗುತ್ತವೆ. ಊಟದ ಸಾಲಿನಲ್ಲಿ ನಾವು ನೋಡುವ ಹಳದಿ ಚುಕ್ಕೆ ಆ ಹೊತ್ತಿನದು.

ಮರಿಯ ವಯಸ್ಸು, ತಾಯಿಯ ಮನಸ್ಸು

ಕ್ಯಾಮೆರಾಕ್ಕಿಂತ ಮೊದಲು ತಿಳಿಯಬೇಕಾದದ್ದು ಮರಿಯ ಬಾಳು. ಸುಮಾರು 110 ದಿನಗಳ ಗರ್ಭದ ನಂತರ ಸಿಂಹಿಣಿ ಸಾಮಾನ್ಯವಾಗಿ ಎರಡು ಮೂರು ಮರಿ ಹಾಕುತ್ತದೆ. ಹುಟ್ಟಿದಾಗ ಮರಿಯ ತೂಕ ಒಂದು, ಒಂದೂವರೆ ಕಿಲೋ, ಕಣ್ಣು ಮುಚ್ಚಿರುತ್ತದೆ. ತಾಯಿ ಗುಂಪಿನಿಂದ ದೂರವಾಗಿ ಪೊದೆಯಲ್ಲೋ ಬಂಡೆಯ ಸಂದಿಯಲ್ಲೋ ಮರಿಗಳನ್ನು ಬಚ್ಚಿಟ್ಟು, ಆಗಾಗ ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ. ನಮ್ಮ ಹಳ್ಳಿಯ ಬೆಕ್ಕು ಅಟ್ಟದಿಂದ ಅಟ್ಟಕ್ಕೆ ಮರಿ ಸಾಗಿಸುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆರರಿಂದ ಎಂಟು ವಾರವಾದ ಮೇಲೆಯೇ ಅದು ಮರಿಗಳನ್ನು ಗುಂಪಿಗೆ ಕರೆತರುವುದು. ಅಲ್ಲಿಂದ ಮುಂದೆ ಗುಂಪಿನ ತಾಯಂದಿರು ಒಬ್ಬರ ಮರಿಗೆ ಮತ್ತೊಬ್ಬರು ಹಾಲೂಡಿಸುವುದೂ ಉಂಟು.

ಈ ಬಾಳು ಬಹಳ ನಾಜೂಕು. ಜಾರ್ಜ್ ಶಾಲರ್ 1966ರಿಂದ ಸೆರೆಂಗೆಟಿಯಲ್ಲಿ ಸಿಂಹಗಳ ಅಧ್ಯಯನ ಆರಂಭಿಸಿದರು. ಅವರ ಗ್ರಂಥ 1972ರಲ್ಲಿ ಹೊರಬಂತು. ನಮ್ಮ ನೆರೆಯ ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ರೇಗ್ ಪ್ಯಾಕರ್ 1978ರಿಂದ ಅದೇ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಇವರ ಅಧ್ಯಯನಗಳಿಂದ ತಿಳಿದದ್ದೇನೆಂದರೆ, ಅಲ್ಲಿ ಹುಟ್ಟಿದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವರ್ಷ ದಾಟುವುದಿಲ್ಲ. ಹಸಿವು, ಕತ್ತೆಕಿರುಬ, ಕಾಡೆಮ್ಮೆಯ ತುಳಿತ ಒಂದು ಕಡೆ. ಗುಂಪನ್ನು ಹೊಸದಾಗಿ ವಶಪಡಿಸಿಕೊಂಡ ಗಂಡುಸಿಂಹಗಳು ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದು ಇನ್ನೊಂದು ಕಡೆ. ಮರಿಗಳ ಸಾವಿನಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಇದರಿಂದಲೇ. 1994ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ಹಬ್ಬಿ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸತ್ತವು. 2018ರಲ್ಲಿ ಅದೇ ರೋಗ ಗಿರ್‌ನಲ್ಲೂ ಕಾಣಿಸಿಕೊಂಡಿತು. ಆದರೂ ಗಿರ್‌ನ ಕಥೆ ಭರವಸೆಯದು: 2020ರಲ್ಲಿ 674 ಇದ್ದ ಏಷ್ಯಾದ ಸಿಂಹಗಳು 2025ರ ಎಣಿಕೆಯಲ್ಲಿ 891.

ಇಷ್ಟೆಲ್ಲ ಶತ್ರುಗಳ ನಡುವೆ ನಮ್ಮ ಜೀಪೂ ಒಂದು ಶತ್ರುವಾಗಬೇಕೆ? ಇದು ಬರಿಯ ಭಾವುಕತೆಯ ಮಾತಲ್ಲ. ಮಸಾಯಿ ಮಾರದ ಚೀತಾಗಳ ಮೇಲೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಣ್ಣು ತೆರೆಸುವಂಥದು. ಪ್ರವಾಸಿಗರು ಕಡಿಮೆ ಇದ್ದ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ಸಾಕಿ ದೊಡ್ಡದು ಮಾಡಿದರೆ, ವಾಹನಗಳು ಮುತ್ತುವ ಕಡೆ ಐದು ಸೂಲಿಗೆ ಒಂದು ಮರಿಯಷ್ಟೇ ಉಳಿಯುತ್ತಿತ್ತು. ಸಿಂಹ ಚೀತಾದಷ್ಟು ಅಂಜುಕುಳಿಯಲ್ಲ, ನಿಜ. ಆದರೂ ಮರಿಯಿರುವ ತಾಯಿ ಎಲ್ಲಿದ್ದರೂ ತಾಯಿಯೇ.

ಆದ್ದರಿಂದ ತಾಯಿಯ ಮುಖ ಓದಲು ಕಲಿಯಬೇಕು. ಕಿವಿ ಸಡಿಲವಾಗಿ, ಕಣ್ಣು ಅರೆಮುಚ್ಚಿ ಮಲಗಿದ್ದರೆ ನಮ್ಮ ಇರವು ಅದಕ್ಕೆ ಭಾರವಾಗಿಲ್ಲ ಎಂದರ್ಥ. ತಲೆ ಎತ್ತಿ ವಾಹನವನ್ನೇ ದಿಟ್ಟಿಸುವುದು ಮೊದಲನೆಯ ಎಚ್ಚರಿಕೆ. ಕಿವಿ ಹಿಂದಕ್ಕೆ ಒತ್ತಿ, ಬಾಲ ಅತ್ತಿತ್ತ ಬಡಿದು, ಗಂಟಲಲ್ಲಿ ಗುರುಗುಟ್ಟಿದರೆ ಎರಡನೆಯದು. ಎದ್ದು ಮರಿಯನ್ನು ಬಾಯಲ್ಲಿ ಎತ್ತಿಕೊಂಡಿತೆಂದರೆ ನಾವು ಆಗಲೇ ಹೆಚ್ಚು ಹೊತ್ತು ಕುಳಿತೆವೆಂದು ತಿಳಿಯಬೇಕು. ಮೊದಲ ಎಚ್ಚರಿಕೆಗೇ ಹಿಂದೆ ಸರಿಯುವುದು ಲೇಸು.

ಇಲ್ಲೇ ಅಭ್ಯಾಸ

ಇದನ್ನೆಲ್ಲ ಕಲಿಯಲು ಆಫ್ರಿಕವೇ ಬೇಕಿಲ್ಲ. ಶಿಕಾಗೋದ ಲಿಂಕನ್ ಪಾರ್ಕ್ ಮೃಗಾಲಯಕ್ಕೆ ಪ್ರವೇಶ ಉಚಿತ. ಅಲ್ಲಿನ 1912ರ ಸಿಂಹಭವನವನ್ನು ನವೀಕರಿಸಿ 2021ರಲ್ಲಿ ಮತ್ತೆ ತೆರೆದರು. 2022ರ ಮಾರ್ಚ್‌ನಲ್ಲಿ ಪಿಲಿಪಿಲಿ ಎಂಬ ಗಂಡುಮರಿ, 2023ರ ಜನವರಿಯಲ್ಲಿ ಮತ್ತೆ ಮೂರು ಮರಿಗಳು ಅಲ್ಲಿ ಹುಟ್ಟಿದವು. ಆ ಮರಿಗಳು ಈಗ ಮರಿಗಳಾಗಿ ಉಳಿದಿಲ್ಲವಾದರೂ ಸಿಂಹದ ನಡಿಗೆ, ಆಕಳಿಕೆ, ಕಿವಿಯ ಭಾಷೆ ಕಲಿಯಲು ಇಂಥ ಕಡೆಗಳೇ ಶಾಲೆ. ಡೆಟ್ರಾಯಿಟ್ ಕಡೆಯವರಿಗೆ ರಾಯಲ್ ಓಕ್‌ನ ಮೃಗಾಲಯವಿದೆ. 1928ರಲ್ಲಿ ಆರಂಭವಾದಾಗಲೇ ಕಬ್ಬಿಣದ ಸರಳುಗಳನ್ನು ಬಿಟ್ಟು ಕಂದಕದ ಆಚೆ ಪ್ರಾಣಿಗಳನ್ನು ತೋರಿಸುವ ಪದ್ಧತಿಯನ್ನು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ತಂದದ್ದು ಅದೇ ಮೊದಲು. ಗಾಜಿನ ಮೂಲಕ ತೆಗೆಯುವಾಗ ಲೆನ್ಸಿನ ಹುಡ್ ಅನ್ನು ಗಾಜಿಗೆ ತಾಗಿಸಿ ಹಿಡಿದು, ಕಪ್ಪು ಬಟ್ಟೆ ತೊಟ್ಟರೆ ಪ್ರತಿಬಿಂಬ ಕಾಣುವುದಿಲ್ಲ.

ತಾಯಿಯ ಕೋಪ ಓದಲು ಇನ್ನೂ ಒಳ್ಳೆಯ ಗುರು ನಮ್ಮ ಆಫೀಸಿನ ಪಾರ್ಕಿಂಗ್ ಲಾಟಿನಲ್ಲೇ ಇದೆ: ಕೆನಡಾ ಗೂಸ್! ಮೇ ತಿಂಗಳಲ್ಲಿ ಅದರ ಹಳದಿ ಮರಿಗಳ ಬಳಿ ಹೋಗಿ ನೋಡಿ. ಮೊದಲು ಕತ್ತು ನಿಮಿರುತ್ತದೆ, ಆಮೇಲೆ ಕತ್ತು ತಗ್ಗುತ್ತದೆ, ಆಮೇಲೆ ಬುಸುಗುಟ್ಟುತ್ತದೆ. ಕತ್ತು ನಿಮಿರಿದಾಗಲೇ ನಿಂತು ಎರಡು ಹೆಜ್ಜೆ ಹಿಂದೆ ಸರಿದರೆ, ಸ್ವಲ್ಪ ಹೊತ್ತಿಗೆ ಅದು ಮತ್ತೆ ಹುಲ್ಲು ಮೇಯತೊಡಗುತ್ತದೆ, ಮರಿಗಳು ತಾವಾಗಿ ನಮ್ಮತ್ತ ಬರುತ್ತವೆ. ಈ ಒಂದು ಪಾಠ ಸಿಂಹಕ್ಕೂ ಸಾಕು. ಡೆಟ್ರಾಯಿಟ್‌ನ ಬೆಲ್ ಐಲ್, ಶಿಕಾಗೋದ ಸರೋವರದ ದಂಡೆ, ಎಲ್ಲ ಕಡೆ ಈ ಗುರುಗಳು ಸಂಬಳವಿಲ್ಲದೆ ದೊರೆಯುತ್ತಾರೆ. 2022ರ ವಸಂತದಲ್ಲಿ ಶಿಕಾಗೋದ ಮಿಲೆನಿಯಮ್ ಪಾರ್ಕಿನ ಲೂರಿ ಉದ್ಯಾನದಲ್ಲಿ ನರಿಯ ಕುಟುಂಬವೊಂದು ಮರಿಗಳೊಡನೆ ನೆಲೆಸಿದಾಗ, ಅವಕ್ಕೆ ನೆಮ್ಮದಿ ಇರಲೆಂದು ಉದ್ಯಾನದ ಒಂದು ಭಾಗವನ್ನೇ ಜನರಿಗೆ ಮುಚ್ಚಿದರು. ನಗರದ ನಡುವೆ ನರಿಮರಿಗೆ ಕೊಟ್ಟ ಮರ್ಯಾದೆಯನ್ನು ನಾವು ಕಾಡಿನಲ್ಲಿ ಸಿಂಹದ ಮರಿಗೆ ಕೊಡಬಾರದೆ?

ಇನ್ನೊಂದು ಅಭ್ಯಾಸ: ಹಿತ್ತಲಿನ ಅಳಿಲನ್ನು ಬೆಳಗಿನ ಬೆಳಕಿನಲ್ಲಿ 36 ಚಿತ್ರಗಳಲ್ಲಿ ಮಾತ್ರ ಹಿಡಿಯಿರಿ. ರೀಲಿನ ಕಾಲದಲ್ಲಿ ಒಂದು ಸುರುಳಿಗೆ ಅಷ್ಟೇ ಇದ್ದದ್ದು. ನಮ್ಮ ನಾಡಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಲಿತದ್ದು ಆ ಶಿಸ್ತಿನಲ್ಲಿ. ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು 1983ರಲ್ಲಿ ತಮ್ಮ ವನ್ಯಜೀವಿ ಚಿತ್ರಗಳ ಪುಸ್ತಕಕ್ಕೆ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಎಂದೇ ಹೆಸರಿಟ್ಟರು. ಪ್ರಾಣಿಗಿಂತ ಮೊದಲು ಬೆಳಕು, ನೆರಳು! ಕೃಪಾಕರ-ಸೇನಾನಿ ಜೋಡಿ ಕೆನ್ನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದದ್ದೂ ನಮಗೆ ಗೊತ್ತು. ಕಾಯುವುದು ನಮ್ಮ ಪರಂಪರೆಯಲ್ಲೇ ಇದೆ.

ಯಂತ್ರ-ತಂತ್ರ

ಮಸಾಯಿ ಮಾರದ ನಿಯಮದ ಪ್ರಕಾರ ಪ್ರಾಣಿಯಿಂದ ಕನಿಷ್ಠ 25 ಮೀಟರ್ ದೂರವಿರಬೇಕು, ಒಂದು ಕಡೆ ಐದು ವಾಹನಕ್ಕಿಂತ ಹೆಚ್ಚು ನಿಲ್ಲಬಾರದು. "ಅಷ್ಟು ದೂರದಿಂದ ಏನು ಚಿತ್ರ?" ಎನ್ನುವವರಿಗೆ ಲೆಕ್ಕವೇ ಉತ್ತರ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 400 ಮಿ.ಮೀ. ಲೆನ್ಸ್ ಹಾಕಿದರೆ 25 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಎರಡೂಕಾಲು ಮೀಟರ್, ಎತ್ತರ ಒಂದೂವರೆ ಮೀಟರ್. ಮೂರು ಮರಿಗಳು ಆರಾಮವಾಗಿ ಹಿಡಿಸುತ್ತವೆ. 600 ಮಿ.ಮೀ. ಆದರೆ ಅಗಲ ಒಂದೂವರೆ ಮೀಟರ್. ಒಂದೇ ಮರಿಯ ಚಿತ್ರಕ್ಕೆ ಅದೇ ಹೆಚ್ಚು. ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಕೆಳಗಿನ ಅಳತೆಗಳನ್ನು ಹೊರಡುವ ಮುನ್ನವೇ ಬಾಯಿಪಾಠ ಮಾಡಿಕೊಳ್ಳಿ.

1. ಮೂಡಣ ಕೆಂಪಾಗುವ ಮೊದಲೇ ಐಎಸ್‌ಒ 3200 ಅಥವಾ 6400ಕ್ಕೆ ಇಟ್ಟುಕೊಳ್ಳಿ. ಈಗಿನ ಕ್ಯಾಮೆರಾಗಳು ಇದನ್ನು ಸಹಿಸುತ್ತವೆ. ಚಿತ್ರದಲ್ಲಿ ಸ್ವಲ್ಪ ಮರಳು ಕಂಡರೂ ಪರವಾಗಿಲ್ಲ, ಅಲುಗಿದ ಚಿತ್ರವನ್ನು ಸರಿಪಡಿಸಲಾಗದು. ಬೆಳಕು ಏರಿದಂತೆ ಇಳಿಸುತ್ತ ಬನ್ನಿ.

2. ಶಟರ್ ವೇಗ: ಮಲಗಿದ ಮರಿಗೆ ಸೆಕೆಂಡಿನ 250ನೇ ಒಂದು ಭಾಗ, ನಡೆಯುವುದಕ್ಕೆ 500, ಉರುಳಾಡುವುದಕ್ಕೆ 1000.

3. ಅಪರ್ಚರ್ ಎಫ್ 5.6 ಸಾಕು. 400 ಮಿ.ಮೀ.ನಲ್ಲಿ 25 ಮೀಟರ್ ದೂರಕ್ಕೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1.3 ಮೀಟರ್. ಮರಿಗಳು ಸ್ಪಷ್ಟ, ಹಿಂದಿನ ಹುಲ್ಲು ಮಸುಕು.

4. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಪ್ರಾಣಿಯ ಕಣ್ಣನ್ನು ತಾನೇ ಹುಡುಕುವ ಕ್ಯಾಮೆರಾಗಳು ಬಂದಿವೆ. ಆದರೂ ಎದುರಿಗೆ ಹುಲ್ಲುಕಡ್ಡಿ ಬಂದರೆ ಅವು ತಪ್ಪುತ್ತವೆ. ಆಗ ಒಂದೇ ಚುಕ್ಕೆಯ ಫೋಕಸ್‌ಗೆ ಬದಲಿಸಲು ಬೆರಳು ಕತ್ತಲಲ್ಲೂ ಗುಂಡಿ ಹುಡುಕುವಂತಿರಬೇಕು.

5. ವೈಟ್ ಬ್ಯಾಲೆನ್ಸ್ 'ಡೇಲೈಟ್'ನಲ್ಲಿರಲಿ. 'ಆಟೋ'ದಲ್ಲಿಟ್ಟರೆ ಕ್ಯಾಮೆರಾ ಬಂಗಾರದ ಬಣ್ಣವನ್ನು ದೋಷವೆಂದು ತಿಳಿದು ತೊಳೆದುಹಾಕಬಹುದು. ರಾ ಫೈಲ್‌ನಲ್ಲಿ ತೆಗೆದರೆ ಮುಂದೆ ತಿದ್ದಬಹುದು.

6. ಸೂರ್ಯ ಮರಿಯ ಹಿಂದಿದ್ದರೆ ಬೇಸರಪಡಬೇಡಿ. ಎಕ್ಸ್‌ಪೋಶರನ್ನು ಒಂದು ಹಂತ ಇಳಿಸಿ. ಕಿವಿಯ ಸುತ್ತ, ಬೆನ್ನಿನ ಮೇಲೆ ಬೆಳಕಿನ ಗೆರೆ ಮೂಡುತ್ತದೆ. ಅನೇಕ ಸಲ ಇದೇ ದಿನದ ಅತ್ಯುತ್ತಮ ಚಿತ್ರವಾಗುತ್ತದೆ.

7. ಫ್ಲಾಶ್ ಬೇಡವೇ ಬೇಡ. ಕ್ಯಾಮೆರಾದ ಸದ್ದನ್ನೂ ಅಡಗಿಸಿ.

ವಾಹನದಲ್ಲಿ ಟ್ರೈಪಾಡ್‌ಗಿಂತ ಬೀನ್ ಬ್ಯಾಗ್ ಮೇಲು. ಇಲ್ಲಿಂದ ಖಾಲಿ ಬಟ್ಟೆಚೀಲ ಒಯ್ದು ಅಲ್ಲಿ ಅಕ್ಕಿಯನ್ನೋ ಕಾಳನ್ನೋ ತುಂಬಿಸಿ, ಹೊರಡುವಾಗ ಅದನ್ನು ಯಾರಿಗಾದರೂ ಕೊಟ್ಟು ಬನ್ನಿ. ಕ್ಯಾಮೆರಾಕ್ಕೆ ಧೂಳು ತಾಗದಂತೆ ದಿಂಬಿನ ಚೀಲ ಸಾಕು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಗಳ ನಿಷೇಧವಿದೆ. ಮಾರ ಎತ್ತರದ ಬಯಲು, ಬೆಳಗಿನ ಜಾವ ಚಳಿ ಇರುತ್ತದೆ. "ಆಫ್ರಿಕ ತಾನೆ" ಎಂದು ಸ್ವೆಟರ್ ಬಿಟ್ಟು ಹೋದರೆ ನಡುಗುವ ಕೈಯಲ್ಲಿ ಚಿತ್ರವೂ ನಡುಗುತ್ತದೆ.

ಸಫಾರಿಯ ಬೆಳಗು

ಹಿಂದಿನ ರಾತ್ರಿಯೇ ಬ್ಯಾಟರಿ, ಕಾರ್ಡು, ಲೆನ್ಸ್ ಎಲ್ಲ ಸಿದ್ಧವಾಗಿರಲಿ. ಮಾರದ ದ್ವಾರಗಳು ಬೆಳಿಗ್ಗೆ 6 ಗಂಟೆಗೆ ತೆರೆಯುತ್ತವೆ, ಸೂರ್ಯೋದಯ ಸುಮಾರು ಆರೂವರೆಗೆ. ಗಿರ್‌ಗೆ ಹೋಗುವವರು ಅಕ್ಟೋಬರ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮಾತ್ರ ಕಾಡು ತೆರೆದಿರುತ್ತದೆಂದು ನೆನಪಿಡಬೇಕು. ಪರವಾನಗಿಯನ್ನು ಮುಂಚಿತವಾಗಿ ಪಡೆದು, ಮೊದಲ ಸರದಿಯನ್ನೇ ಕೇಳಿ.

ಚಾಲಕರಿಗೆ ಹೊರಡುವ ಮೊದಲೇ ಮೂರು ಮಾತು ಹೇಳಿಬಿಡಿ: ನಮಗೆ ಹತ್ತಿರ ಹೋಗುವ ಆತುರವಿಲ್ಲ; ಸೂರ್ಯ ನಮ್ಮ ಬೆನ್ನಿಗೋ ಪಕ್ಕಕ್ಕೋ ಬರುವಂತೆ ನಿಲ್ಲಿಸಿ; ನಿಂತ ಕೂಡಲೇ ಎಂಜಿನ್ ಆರಿಸಿ. ಎಂಜಿನ್ ನಡುಕದಲ್ಲಿ ಎಂಥ ಲೆನ್ಸೂ ಸ್ಪಷ್ಟ ಚಿತ್ರ ಕೊಡದು. ಪ್ರವಾಸಿಗರು ಟಿಪ್ಸ್ ಆಸೆ ತೋರಿಸಿ ಒತ್ತಾಯಿಸುತ್ತಾರೆಂದೇ ಎಷ್ಟೋ ಚಾಲಕರು ನಿಯಮ ಮೀರುವುದು. "ನಿಮ್ಮ ನಿಯಮದಂತೆಯೇ ನಡೆಯಿರಿ, ಟಿಪ್ಸ್ ಕಡಿಮೆಯಾಗುವುದಿಲ್ಲ" ಎಂದು ಹೇಳಿದರೆ ಅವರಿಗೂ ಸಮಾಧಾನ.

ಸಾಧ್ಯವಾದಷ್ಟು ತಗ್ಗಿನ ಕಿಟಕಿಯಿಂದ ತೆಗೆಯಿರಿ. ಮೇಲಿಂದ ತೆಗೆದರೆ ಮರಿ ಆಟದ ಬೊಂಬೆಯಂತೆ ಕಾಣುತ್ತದೆ. ಕಣ್ಣಿನ ಮಟ್ಟದಿಂದ ತೆಗೆದರೆ ಅದರ ಲೋಕ ಕಾಣುತ್ತದೆ. ಮರಿಯ ಜೊತೆ ತಾಯಿಯ ಪಂಜವನ್ನೋ ಬಾಲದ ಕುಚ್ಚನ್ನೋ ಸೇರಿಸಿ. ಮರಿ ಎಷ್ಟು ಚಿಕ್ಕದೆಂದು ನೋಡುವವರಿಗೆ ಆಗಲೇ ತಿಳಿಯುವುದು. ಮಧ್ಯೆ ಮಧ್ಯೆ ಕ್ಯಾಮೆರಾ ಕೆಳಗಿಟ್ಟು ಬರಿಗಣ್ಣಿನಿಂದಲೂ ನೋಡಿ. ಆಟಕ್ಕೂ ಒಂದು ಲಯವಿದೆ. ಹೊಂಚು, ನೆಗೆತ, ಉರುಳು, ವಿರಾಮ. ಎರಡು ಸಲ ನೋಡಿದವರಿಗೆ ಮೂರನೆಯ ನೆಗೆತ ಎಲ್ಲಿ ಎಂದು ಗೊತ್ತಾಗುತ್ತದೆ.

ತೆಗೆಯಬಾರದ ಚಿತ್ರ

ಕೆಲವು ಚಿತ್ರಗಳನ್ನು ಬಿಟ್ಟು ಬರುವುದೇ ಜಾಣತನ. ಕಣ್ಣಿನಲ್ಲಿ ಇನ್ನೂ ನೀಲಿಛಾಯೆ ಇರುವ, ತಡವರಿಸಿ ನಡೆಯುವ ಮರಿ ಕಂಡರೆ ಅದು ಬಚ್ಚಿಟ್ಟ ಮರಿ ಎಂದು ತಿಳಿಯಿರಿ. ಅಲ್ಲಿ ನಿಲ್ಲಬಾರದು. ತಾಯಿ ಬೇಟೆಗೆ ಹೋಗಿ ಮರಿಗಳಷ್ಟೇ ಇದ್ದರಂತೂ ಒಂದು ಕ್ಷಣವೂ ಸಲ್ಲ. ನಿಂತ ವಾಹನ ಮತ್ತೊಂದು ವಾಹನವನ್ನು ಕರೆಯುತ್ತದೆ. ಜನ ಮುತ್ತಿದ ಜಾಗಕ್ಕೆ ತಾಯಿ ಮರಳಲು ಹಿಂಜರಿಯುತ್ತದೆ. ಅಷ್ಟರಲ್ಲಿ ಕತ್ತೆಕಿರುಬ ಬಂದರೆ ಕಾಯುವವರಿಲ್ಲ. ಎರಡು ತಿಂಗಳು ದಾಟಿ ಗುಂಪಿಗೆ ಸೇರಿದ ಮರಿಗಳು, ತಾಯಿಯ ಎದುರಿನಲ್ಲಿ, ತಾಯಿ ನಿಶ್ಚಿಂತೆಯಿಂದಿರುವಾಗ — ಇದೊಂದೇ ನಮ್ಮ ಅವಕಾಶ. ತೆಗೆದ ಚಿತ್ರವನ್ನು ಹಂಚುವಾಗ ಸ್ಥಳದ ಗುರುತನ್ನು ಅಳಿಸಿ. ನಾಳೆ ಅಲ್ಲಿ ಇಪ್ಪತ್ತು ಜೀಪು ಸೇರುವುದು ಬೇಡ.

ಶಿಕಾಗೋದವರಿಗೆ ಸಿಂಹದ ಇನ್ನೊಂದು ಚರಿತ್ರೆಯೂ ಹತ್ತಿರದಲ್ಲೇ ಇದೆ. 1898ರಲ್ಲಿ ಕೀನ್ಯಾದ ತ್ಸಾವೋದಲ್ಲಿ ರೈಲು ಹಳಿ ಹಾಕುತ್ತಿದ್ದ ಭಾರತದ ಕೂಲಿಗಳನ್ನು ಹೊತ್ತೊಯ್ದ ಎರಡು ಸಿಂಹಗಳನ್ನು ಪ್ಯಾಟರ್ಸನ್ ಎಂಬ ಅಧಿಕಾರಿ ಗುಂಡಿಟ್ಟು ಕೊಂದ; 1924ರಲ್ಲಿ ಅವುಗಳ ಚರ್ಮವನ್ನು 5000 ಡಾಲರಿಗೆ ಫೀಲ್ಡ್ ಮ್ಯೂಸಿಯಂಗೆ ಮಾರಿದ. ಅವು ಇಂದಿಗೂ ಅಲ್ಲಿ ಗಾಜಿನ ಹಿಂದೆ ನಿಂತಿವೆ. ಅಂದು ಮನುಷ್ಯನಿಗೆ ಸಿಂಹದ ಭಯ; ಇಂದು ಆಫ್ರಿಕದಾದ್ಯಂತ ಉಳಿದಿರುವುದು ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ಸಾವಿರ ಸಿಂಹಗಳು. ಮಕ್ಕಳನ್ನು ಸಫಾರಿಗೆ ಕರೆದೊಯ್ಯುವ ಮುನ್ನ ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಕೋವಿಯ ಕಾಲದಿಂದ ಕ್ಯಾಮೆರಾದ ಕಾಲಕ್ಕೆ ನಾವು ಬಂದದ್ದು ಎಷ್ಟು ದೂರ ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.

ಕೊನೆಯದಾಗಿ ಒಂದು ಸಲಹೆ. ಸಾವಿರ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಮಲಗಿಸುವುದರ ಬದಲು, ಒಂದೇ ಒಂದನ್ನು ಆರಿಸಿ ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ಇಂಥ ನಿಧಿಸಂಗ್ರಹದ ಹರಾಜಿಗೆ ಕೊಡಿ. ಅದರ ಕೆಳಗೆ ದಿನಾಂಕ, ನಾಡಿನ ಹೆಸರು, ಎಷ್ಟು ಮೀಟರ್ ದೂರದಿಂದ ತೆಗೆದದ್ದು ಎಂಬ ಮೂರು ವಿವರ ಬರೆಯಿರಿ. ಕೊಂಡವರ ಮನೆಯ ಗೋಡೆಗೆ ಒಂದು ಎಳೆಬಿಸಿಲು, ಊರಿನ ಯಾವುದೋ ಮಗುವಿನ ಶಾಲೆಗೆ ಒಂದಿಷ್ಟು ನೆರವು. ಆ ಸಿಂಹಿಣಿಗೆ ಮಾತ್ರ ನಾವು ಬಂದು ಹೋದದ್ದೇ ನೆನಪಿರಬಾರದು. ಅಲ್ಲಿಗೆ ನಮ್ಮ ಪಾಠ ಸಾರ್ಥಕ.